ಎರಡನೇ ಗೇರ್ ಹಿಡಿದ ಕೈ

ಅಪ್ಪ ಹೋಗಿ ಎಂಟು ತಿಂಗಳಾದರೂ ಅವ್ವ ಹೊಸ್ತಿಲು ದಾಟಿರಲಿಲ್ಲ. ಬನಹಟ್ಟಿಯ ನಮ್ಮ ಓಣಿಯ ಮಗ್ಗಗಳ ಸದ್ದು ಕೇಳುತ್ತ ಗೋಡೆಗೊರಗಿ ಕೂತಿರುತ್ತಿದ್ದಳು. ಊಟ ಮಾಡು ಅಂದರೆ ಮಾಡುವಳು, ಮಲಗು ಅಂದರೆ ಮಲಗುವಳು. ಒಂದು ದಿನ ತಾನಾಗಿಯೇ, ಬೀಳಗಿಯ ತವರಿಗೆ ಹೋಗಿ ತನ್ನ ಅಕ್ಕನನ್ನು ನೋಡಿ ಬರಬೇಕು, ಅಪ್ಪನ ಗಾಡಿಯಲ್ಲೇ ಹೋಗೋಣ ಅಂದಳು. ನನಗೆ ಹೋದ ಜೀವ ಬಂದಂತಾಯಿತು. ಈ ಒಂದು ಪ್ರಯಾಣ ಆದರೆ ಸಾಕು, ಅವ್ವ ಮತ್ತೆ ಮೊದಲಿನಂತಾಗುತ್ತಾಳೆ ಎಂದು ನಂಬಿಬಿಟ್ಟೆ.

ಗಾಡಿಯೆಂದರೆ ಅಪ್ಪ ಮುಧೋಳದ ಡಾಕ್ಟರೊಬ್ಬರಿಂದ ಕೊಂಡಿದ್ದ ಹಳೇ ಅಂಬಾಸಿಡರ್. ಗೇರಿನ ಹಿಡಿಕೆ ಸ್ಟೇರಿಂಗಿಗೆ ಅಂಟಿಕೊಂಡೇ ಎಡಕ್ಕೆ ಚಾಚಿಕೊಂಡಿತ್ತು. ಮುಂದಿನ ಸೀಟು ಈ ಬಾಗಿಲಿನಿಂದ ಆ ಬಾಗಿಲಿಗೆ ಒಂದೇ. ನನಗೆ ಬುದ್ಧಿ ತಿಳಿದಾಗಿನಿಂದ ಅದರ ಎರಡನೇ ಗೇರು ನಿಂತದ್ದೇ ಇಲ್ಲ. ಏರು ಹತ್ತುವಾಗ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ತೆವಳುವಾಗ, ಠಪ್ಪಂತ ಜಿಗಿದು ನ್ಯೂಟ್ರಲ್‌ಗೆ ಬೀಳುತ್ತಿತ್ತು. ಅದಕ್ಕೆ ಅಪ್ಪ ಕಂಡುಕೊಂಡ ಉಪಾಯ ಅವ್ವ. ಎರಡನೇ ಗೇರಿಗೆ ಹಾಕಿದೊಡನೆ “ಹಿಡಿ” ಅನ್ನುತ್ತಿದ್ದ. ಪಕ್ಕದಲ್ಲಿ ಕೂತ ಅವ್ವ ಬಲಗೈ ಚಾಚಿ ಹಿಡಿಕೆಯನ್ನು ಒತ್ತಿ ಹಿಡಿಯುತ್ತಿದ್ದಳು. ಗಾಡಿಯ ನಡುಕಕ್ಕೆ ಅವಳ ಬಳೆಗಳು ಗಿಲಗಿಲ ಅನ್ನುತ್ತಿದ್ದವು. “ಬಿಡು” ಅಂದಾಗ ಬಿಡುತ್ತಿದ್ದಳು. ಇದನ್ನು ನಾನು ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕ ಕೂತು ನೋಡುತ್ತ ಬೆಳೆದೆ.

ನೋಡುತ್ತ ಏನು, ಉರಿಯುತ್ತ ಬೆಳೆದೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಎಂಥ ಜುಗ್ಗ ಮನುಷ್ಯನಪ್ಪಾ ಇವನು, ಹೆಂಡತಿಯ ಕೈಯನ್ನೇ ನಟ್ಟು ಬೋಲ್ಟು ಮಾಡಿಕೊಂಡಿದ್ದಾನಲ್ಲ ಅನ್ನಿಸುತ್ತಿತ್ತು. ದೊಡ್ಡವಳಾಗಿ ಬ್ಯಾಂಕಿನ ನೌಕರಿ ಸಿಕ್ಕ ಮೇಲೆ ಅದನ್ನು ಅವನ ಮುಖಕ್ಕೇ ಅಂದೂ ಬಿಟ್ಟಿದ್ದೆ. ಅಪ್ಪ ನಕ್ಕುಬಿಟ್ಟಿದ್ದ.

ಜಮಖಂಡಿಯಲ್ಲಿ ಅಪ್ಪನ ಕಾಲದಿಂದಲೂ ಆ ಗಾಡಿ ನೋಡುತ್ತಿದ್ದ ಮಿಸ್ತ್ರಿಯೊಬ್ಬರಿದ್ದಾರೆ. ಬೀಳಗಿಗೆ ಹೊರಡುವ ಮೊದಲು ಗೇರು ಸರಿಮಾಡಿಸಲೆಂದು ನಾಲ್ಕು ದಿನ ರಜೆ ಹಾಕಿ ಅವರ ಗ್ಯಾರೇಜಿನಲ್ಲೇ ಕೂತೆ. ಗೇರ್‌ಬಾಕ್ಸ್ ಇಳಿಸಿ, ಕಪ್ಪು ಎಣ್ಣೆ ಸುರಿದು, ಒಳಗಿನದನ್ನೆಲ್ಲ ಹರವಿದ ಗೋಣಿಯ ಮೇಲೆ ಇಟ್ಟರು. ಎರಡನೇ ಗೇರಿನ ಹಲ್ಲುಗಳ ಅಂಚು ಸವೆದು ದುಂಡಗಾಗಿತ್ತು. ಅದರ ಪಕ್ಕದ ಹಿತ್ತಾಳೆ ರಿಂಗು ತೆಳ್ಳಗಾಗಿ, ಯಾರದೋ ಹಳೇ ಬಳೆಯಂತೆ ಕಾಣುತ್ತಿತ್ತು. ಗೇರನ್ನು ಜಾಗದಲ್ಲಿ ತಡೆದು ನಿಲ್ಲಿಸುವ ಪುಟ್ಟ ಸ್ಪ್ರಿಂಗು ಸತ್ತೇ ಹೋಗಿತ್ತು. “ನಿಮ್ಮಪ್ಪಾರಿಗೆ ಎಷ್ಟ ಸಲ ಹೇಳೀನ್ರಿ ಅಕ್ಕಾರ, ಮಾಡಿಕೊಡ್ತೀನಿ ಅಂತ. ಇರ್ಲಿ ಬಿಡು ಅಂತಿದ್ರು” ಅಂದರು ಮಿಸ್ತ್ರಿ. ನನ್ನ ಸಿಟ್ಟಿಗೆ ಸಾಕ್ಷಿ ಸಿಕ್ಕಂತಾಯಿತು.

ಹೊಸ ಗೇರು, ರಿಂಗು, ಬೇರಿಂಗು ಕೊಲ್ಹಾಪುರದಿಂದ ಬಂದವು. ಕಡ್ಡಿಯಂಥ ಸಣ್ಣ ಸಣ್ಣ ರೋಲರುಗಳನ್ನು ಗ್ರೀಸಿನಲ್ಲಿ ಅಂಟಿಸಿ ಒಂದೊಂದಾಗಿ ಕೂಡಿಸುವ ಕೆಲಸವನ್ನು ಹಟ ಮಾಡಿ ನಾನೇ ಮಾಡಿದೆ. ಒಂದು ಜಾರಿ ಬಿದ್ದರೆ ಮತ್ತೆ ಮೊದಲಿನಿಂದ. ಮೂರು ಸಲ ಬಿದ್ದವು. ಅಪ್ಪ ಮಾಡದ್ದನ್ನು ನಾನು ಅವ್ವನಿಗಾಗಿ ಮಾಡುತ್ತಿದ್ದೇನೆ ಎಂಬ ಖುಷಿಯಲ್ಲಿ ಬೇಸರವೇ ಆಗಲಿಲ್ಲ. ಕೆಲಸ ಮುಗಿದ ಮೇಲೆ, ಬಿಚ್ಚಿದ ಹಳೇ ಸಾಮಾನನ್ನು ಅರಿವೆಯಲ್ಲಿ ಕಟ್ಟಿ ಮಾಲೀಕರ ಕೈಗೆ ಕೊಡುವುದು ಆ ಮಿಸ್ತ್ರಿಯ ಪದ್ಧತಿ. ಅದನ್ನು ನನ್ನ ಮುಂದೆ ಹಿಡಿದರು. ಆ ದರಿದ್ರವನ್ನು ಗುಜರಿಗೆ ಹಾಕಿ ಎಂದು ನಾನು ಮುಟ್ಟಲೂ ಇಲ್ಲ.

ಬೀಳಗಿಗೆ ಹೊರಟ ದಿನ ಅವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟು, ಯಾರೂ ಹೇಳದೆಯೇ ಬಂದು ಮುಂದೆ ಕೂತಳು. ಊರು ದಾಟುವವರೆಗೆ ಅದೂ ಇದೂ ಮಾತಾಡಿದಳು ಕೂಡ. ಮುಂದೆ ಒಂದು ಏರಿನಲ್ಲಿ ನಾನು ಎರಡನೇ ಗೇರಿಗೆ ಹಾಕಿದೆ. ಹಾಕಿದ್ದೇ ತಡ, ಅವಳ ಬಲಗೈ ತಾನಾಗಿ ಬಂದು ಹಿಡಿಕೆಯ ಮೇಲೆ ಕೂತಿತು. ಬಳೆಯಿಲ್ಲದ ಕೈ. ನಾನು ದೊಡ್ಡ ಸಾಧನೆ ಮಾಡಿದವಳ ಹಾಗೆ ಹೇಳಿದೆ: “ಕೈ ತಗಿ ಬೇ ಅವ್ವಾ, ರಿಪೇರಿ ಮಾಡ್ಸೀನಿ. ಇನ್ನ ನಿನಗ ಆ ತ್ರಾಸ ಇಲ್ಲ.”

ಅವ್ವ ಹಿಡಿಕೆಯನ್ನು ನೋಡಿದಳು. ಗೇರು ಅಲುಗಾಡಲಿಲ್ಲ. ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತ ಕೂತಳು.

ಬೀಳಗಿ ಹತ್ತಿರ ಬಂದಾಗ ಹಿನ್ನೀರು ಕಾಣುವ ಕಡೆ ಗಾಡಿ ನಿಲ್ಲಿಸಿ, ಏನಾಯಿತು ಎಂದು ಕೇಳಿದೆ. ನೀರನ್ನು ನೋಡುತ್ತಲೇ ಹೇಳಿದಳು. ಮದುವೆಯಾಗಿ ಬಂದ ಹೊಸತರಲ್ಲಿ ಮುಂದಿನ ಸೀಟು ಗಂಡಸರದು. ಸೊಸೆ ತಲೆ ತುಂಬ ಸೆರಗು ಹೊದ್ದು ಹಿಂದೆ ಅತ್ತೆಯ ಬದಿಗೆ ಕೂಡಬೇಕು. ಹಿರಿಯರ ಎದುರು ಗಂಡನ ಜೊತೆ ಮಾತಾಡುವ ಹಾಗೆಯೇ ಇರಲಿಲ್ಲ. ಗೇರು ಜಿಗಿಯತೊಡಗಿದಾಗ ಮೊದಲು ಅದನ್ನು ಹಿಡಿದವನು ನನ್ನ ಕಾಕಾ. ಅವನು ಸರಿಯಾಗಿ ಹಿಡಿಯುವುದಿಲ್ಲ, ನೂಲಿನ ಕಂಡಿಕೆ ಸುತ್ತಿ ಪಳಗಿದ ಕೈಗೇ ಅದರ ಹದ ಗೊತ್ತಾಗುವುದು ಎಂದು ಅಪ್ಪ ಅಜ್ಜಿಯ ಮುಂದೆ ಸುಳ್ಳು ಹೇಳಿದ. ಅಜ್ಜಿ ಒಪ್ಪಿದಳು. ಅಂದಿನಿಂದ ಎಂಜಿನ್ನಿನ ಗದ್ದಲದಲ್ಲಿ ಹಿಂದಿನವರಿಗೆ ಕೇಳಿಸದಂತೆ ದಾರಿಯುದ್ದಕ್ಕೂ ಇಬ್ಬರೂ ಮಾತಾಡಿದರಂತೆ.

“ಅದು ಕೆಟ್ಟಿತ್ತಂತನ ನಾ ಅವರ ಬಾಜೂಕ ಕುಂತಿದ್ದೆ, ಯವ್ವಾ” ಅಂದಳು.

ಅಜ್ಜಿ ತೀರಿಕೊಂಡ ಮೇಲಾದರೂ ಸರಿಮಾಡಿಸಬಹುದಿತ್ತಲ್ಲ ಎಂದೆ. ರೂಢಿಯಾಗಿತ್ತು ಅಂದಳು, ಅಷ್ಟೇ.

ಅಪ್ಪನ ಆ ನಗು ನೆನಪಾಗಿ ನನಗೆ ನಾಚಿಕೆಯಿಂದ ಸಾಯುವಂತಾಯಿತು. ಸಂಜೆ ವಾಪಸು ಹೊರಡುವಾಗ ನಾನು ಮುಂದಿನ ಬಾಗಿಲು ತೆರೆದು ನಿಂತೆ. ಅವ್ವ ಹಿಂದಿನ ಬಾಗಿಲು ತೆಗೆದು ಒಳಗೆ ಕೂತಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ಮುಂದ ನನಗೇನ ಕೆಲಸ ಐತಿ?” ಅಂದಳು.

ಮರುದಿನ ಬೆಳಗ್ಗೆಯೇ ಜಮಖಂಡಿಗೆ ಓಡಿದೆ. ಹಳೇ ಸಾಮಾನು ಗುಜರಿಯವನ ಗಾಡಿ ಹತ್ತಿ ಹೋಗಿಯಾಗಿತ್ತು. ಹಾಗಾದರೆ ಆ ಹೊಸ ಸ್ಪ್ರಿಂಗನ್ನಾದರೂ ತೆಗೆದುಬಿಡಿ, ಗೇರು ಮೊದಲಿನಂತೆ ಜಿಗಿಯಲಿ ಎಂದು ಕೇಳಿಕೊಂಡೆ. ಮಿಸ್ತ್ರಿ ಕೈಯ ಗ್ರೀಸು ಒರೆಸಿಕೊಂಡರು. ಛಲೋ ಇದ್ದದ್ದನ್ನು ಕೆಡಿಸಲು ತನ್ನ ಕೈ ಬರುವುದಿಲ್ಲ ಎಂದರು.

ಈಗಲೂ ಅವ್ವ ಅಜ್ಜಿ ಕೂರುತ್ತಿದ್ದ ಜಾಗದಲ್ಲೇ ಕೂರುತ್ತಾಳೆ. ಹೋದ ವಾರ ಅದೇ ಏರಿನಲ್ಲಿ ಎರಡನೇ ಗೇರಿಗೆ ಹಾಕಿ, ತಡೆಯಲಾರದೆ, “ಹಿಡಿ ಬೇ ಅವ್ವಾ” ಅಂದೆ.

ಹಿಂದಿನಿಂದ ಅವಳೆಂದಳು: “ಈಗದು ತಾನ ನಿಲ್ಲತೈತಲ್ಲ ಯವ್ವಾ. ನಡಿ.”