ಅವ್ವ ಹಕ್ಕಿ ಓಡಿಸಿದ್ದು

ಹಕ್ಕಿ ನೋಡುವ ಹುಚ್ಚು ನನಗೆ ಯಾಕೆ ಹತ್ತಿತೋ, ಅವ್ವನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಹಂಗಳದ ನಮ್ಮ ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ, ಕವಣೆ ಬೀಸಿ, ಗಂಟಲು ಹರಿಯುವಂತೆ ಕೂಗಿ ಗಿಳಿಗಳನ್ನು ಓಡಿಸಿದವಳು ಅವಳು. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗೆ ಅವಳ ಮಗ ದುರ್ಬೀನು ಕೊಂಡು ತಂದ. “ನಾನು ಓಡ್ಸುದ್ನೆಲ್ಲ ನೀನು ಹುಡೀಕ್ಕಂಡು ಓಯ್ತಿದ್ದಯ್ಯಾ ಕೂಸು?” ಎಂದು ನಗುತ್ತಿದ್ದಳು. ನಲವತ್ತು ದಾಟಿದರೂ ಅವಳಿಗೆ ನಾನು ಕೂಸೇ.

ಆಮೇಲೆ ಒಂದು ಬೆಳಿಗ್ಗೆ ಲಕ್ವ ಹೊಡೆದು ಅವ್ವನ ಬಲಗೈ ಬಿತ್ತು, ಮಾತೂ ನಿಂತಿತು. ಮಾತಾಡಿಸುತ್ತಲೇ ಇರಿ, ಬಂದರೂ ಬರಬಹುದು ಎಂದರು ಗುಂಡ್ಲುಪೇಟೆಯ ಡಾಕ್ಟರು. ಊಟದ ತಟ್ಟೆ ಹಿಡಿದು ಎದುರು ಕೂತು, “ಕೂಸು ಅನ್ನವ್ವ, ಒಂದ್ಸಲ” ಎನ್ನುತ್ತಿದ್ದೆ. ಅವಳ ತುಟಿ ಅಲುಗುತ್ತಿತ್ತು, ಕಣ್ಣು ತುಂಬುತ್ತಿತ್ತು. ದೇವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಚಳಿಗಾಲದಲ್ಲಿ ಹಕ್ಕಿ ನೋಡಲು ಕಲ್ಲಿಕೋಟೆ ಕಡೆಯ ಅಳಿವೆಗೆ ಹೊರಟಾಗ ಅವಳನ್ನೂ ಕಾರಿಗೆ ಹತ್ತಿಸಿದೆ. ಅಕ್ಕ ಬಾಗಿಲಲ್ಲೇ ಬೈದಳು. “ಕಾಯ್ಲೆಯವ್ಳ್ಗೆ ಹಕ್ಕಿ ತೋರ್ಸನಂತೆ. ತಲೆ ನೆಟ್ಗಿದ್ದದ ನಿಂಗ?” ಗೋಡೆ ನೋಡುತ್ತ ಕೂರುವುದಕ್ಕಿಂತ ವಾಸಿ ಎಂದೆ.

ಅಳಿವೆಯಲ್ಲಿ ನೀರು ಇಳಿದಿತ್ತು. ಕೆಸರಿನಲ್ಲಿ ಬೇರೂರಿ ನಿಂತ ಕಾಂಡ್ಲಾ ಕಾಡಿನ ಅಂಚಿನಲ್ಲಿ ಅವಳಿಗೆ ಕುರ್ಚಿ ಹಾಕಿದೆ. ಪಕ್ಕದಲ್ಲಿ ಕ್ಯಾಮೆರಾದವರು ಕೆಲವರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಬಹಳ ಹೊತ್ತಿನ ಮೇಲೆ ಹಿಂಡು ಬಂತು. ದೂರ ದೇಶದ ಸಣ್ಣ ಉಲ್ಲಂಕಿಗಳು, ಮೊರದಿಂದ ಕಾಳು ಚೆಲ್ಲಿದ ಹಾಗೆ ಕೆಸರಿನ ಮೇಲೆ ಇಳಿದವು.

ಅವ್ವ ಕುರ್ಚಿಯಿಂದ ಅರ್ಧ ಎದ್ದಳು. ಎಡಗೈ ಮೇಲೆತ್ತಿ ಕವಣೆ ತಿರುಗಿಸುವಂತೆ ತಿರುಗಿಸಿದಳು. “ಹೋಯ್... ಹಾ ಹೋಯ್...” ತಿಂಗಳುಗಟ್ಟಲೆ ಮುಚ್ಚಿದ್ದ ಗಂಟಲು, ಪಕ್ಕದ ಹೊಲಕ್ಕೂ ಕೇಳುವಂಥ ಅದೇ ಹಳೆಯ ಗಂಟಲು. ಒಂದು ಹಕ್ಕಿಯೂ ಉಳಿಯಲಿಲ್ಲ. ಕ್ಯಾಮೆರಾದವನೊಬ್ಬ ಮಲಯಾಳದಲ್ಲಿ ಗೊಣಗಿದ, ಗೊಣಗಿಕೊಳ್ಳಲಿ. ನಾನು ಅವಳ ಕಾಲ ಬಳಿ ಕೂತು, “ಈಗ ಕೂಸು ಅನ್ನವ್ವ” ಎಂದೆ. ನನ್ನ ಮುಖ ನೋಡಿದಳು. ತುಟಿ ಅಲುಗಿತು, ಅಷ್ಟೆ.

ಮಳೆ ಹಿಡಿಯುವ ಮುಂಚೆಯೇ ಅವ್ವ ತೀರಿಕೊಂಡಳು. ಅಳಿವೆಯ ಆ ಕೂಗೇ ಅವಳ ಕೊನೆಯ ಮಾತು. ನನಗೆ ಸಿಗದ್ದು ಹಕ್ಕಿಗಳಿಗೆ ಸಿಕ್ಕಿತಲ್ಲ ಎಂದು ಅಕ್ಕನ ಮುಂದೆ ಅತ್ತುಬಿಟ್ಟೆ. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಹೊಲದಲ್ಲಿ ಅವ್ವ ಕೂಗ್ತಿದ್ದದ್ದು ಯಾರ್ ಹೊಟ್ಟೆಗ್ಲಾ? ನಮ್ ಹೊಟ್ಟೆಗೇ ಕಣ್ಲಾ” ಎಂದಳು.

ಈ ಚಳಿಗಾಲ ಅದೇ ಅಳಿವೆಗೆ ಒಬ್ಬನೇ ಹೋಗಿದ್ದೆ. ಹಿಂಡು ಅಲ್ಲೇ ಇಳಿಯಿತು, ಮೇಯುತ್ತ ಮೇಯುತ್ತ ನನ್ನ ಹತ್ತಿರವೇ ಬಂತು. ಹಕ್ಕಿಗಳನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ದುರ್ಬೀನು ಮಡಿಲಲ್ಲೇ ಇತ್ತು. ಅವ್ವನ ಹಾಗೆ ಕೂಗಲು ಬಾಯಿ ತೆರೆದೆ. ಬರೀ ಉಸಿರು ಬಂತು. ಹಕ್ಕಿಗಳು ತಮ್ಮ ಪಾಡಿಗೆ ಮೇಯುತ್ತಿದ್ದವು. ಅವುಗಳನ್ನು ಓಡಿಸುವವರು ಯಾರೂ ಇರಲಿಲ್ಲ.