ಪಿಟೀಲು ಕೇಳಿದರೆ ಎದ್ದು ಹೋಗುವ ಗಂಡಸರು

ಕಳೆದ ಗುರುವಾರ ನನ್ನ ಗಂಡನಿಗೆ ಕತ್ತರಿ ಬಿತ್ತು. ಗಾಬರಿಯಾಗಬೇಡಿ, ಮನುಷ್ಯ ಗಟ್ಟಿಯಾಗಿದ್ದಾರೆ. ಕತ್ತರಿ ಬಿದ್ದದ್ದು ಅವರ ಹಾಡಿಗೆ.

ಸುದ್ದಿ ತಂದವರು ಪಿ.ಜೆ. ಬಡಾವಣೆಯ ನಮ್ಮ ಪಕ್ಕದ ಮನೆ ಗಿರಿಜಕ್ಕ. ಮ್ಯಾಟಿನಿ ಮುಗಿಸಿ ಬಂದವರೇ ಕಾಂಪೌಂಡಿನ ಆಚೆಯಿಂದ ಕೂಗಿದರು: "ಏನವಾ, ನಿಮ್ಮನಿಯವ್ರು ಹಾಡು ಮಾಡ್ಯಾರ ಅಂದಿದ್ದಿ, ಎಲ್ಲೈತೆ? ಕಣ್ಣು ಬಿಟ್ಕಂಡು ಕುಂತಿದ್ದೆ. ಆಕಿ ಬಾವಿ ಹತ್ರ ಹೋದ್ಲು, ಅಷ್ಟ್ರಾಗ ಪೊಲೀಸ್ನೋರು ಬಂದ್ರು!"

ಬಾವಿಗೂ ಪೊಲೀಸರಿಗೂ ನಡುವೆ ನಾಲ್ಕು ನಿಮಿಷದ ಹಾಡಿರಬೇಕು. ಅದೇ ನಾಪತ್ತೆ!

ನಮ್ಮವರು ಹತ್ತು ವರ್ಷ ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ಬಾರಿಸಿ 'ಮೇಷ್ಟ್ರು' ಎನಿಸಿಕೊಂಡವರು. ಆಮೇಲೆ ಮದರಾಸಿನ ಸ್ಟುಡಿಯೊಗಳಲ್ಲಿ ಕಂಡಕಂಡ ಸಂಗೀತ ನಿರ್ದೇಶಕರ ಹಿಂದೆ ಕೂತು ಸ್ವರ ಬರೆದುಕೊಟ್ಟವರು. ಕೊನೆಗೂ ನಮ್ಮೂರಿನ ಅರಳೆ ಸಾಹುಕಾರರಾದ ಮಹಾರುದ್ರಪ್ಪನವರು ಚಿತ್ರ ತೆಗೆಯಲು ಹೊರಟಾಗ, ಊರಿನವನಲ್ಲವೇ ಎಂದು ಒಂದು ಹಾಡು ಕೊಟ್ಟರು. ಉಳಿದ ಐದು ಮದರಾಸಿನವರಿಗೆ. ಇವರ ಒಂದು ಹಾಡು ಗೆದ್ದರೆ ಮುಂದಿನ ಚಿತ್ರ ಪೂರ್ತಿ ಇವರದೇ ಎಂದು ಮಾತಾಗಿತ್ತು.

ಆ ಒಂದಕ್ಕಾಗಿ ಇವರು ಮಾಡದ ಸಾಹಸವಿಲ್ಲ. ಕಥಾನಾಯಕಿ ಜಗುಲಿಯ ಮೇಲೆ ಅಕ್ಕಿ ಕೇರುತ್ತಾ ಹಾಡುತ್ತಾಳೆ. ತಬಲ ಬೇಡ, ಮೊರದ ಸದ್ದೇ ತಾಳವಾಗಲಿ ಎಂದರು. ನನ್ನ ಮೊರ ರೈಲು ಹತ್ತಿ ಮದರಾಸಿಗೆ ಹೋಯಿತು. (ಹದಿನೈದು ದಿನ ನಾನು ಗಿರಿಜಕ್ಕನ ಮೊರಕ್ಕೆ ಹಲ್ಲು ಗಿಂಜಿದೆ.) ಅಷ್ಟಕ್ಕೇ ಬಿಟ್ಟರೇ? ಹಾಡಿನ ಮುಂದೆ ಅರ್ಧ ನಿಮಿಷ ಪಿಟೀಲುಗಳ ಮೇಳ ಸೇರಿಸಿದರು. ಅದರ ಮೇಲೆ ಅವರಿಗೆ ಹೆತ್ತ ಮಗಳ ಮೇಲಿನಷ್ಟು ಪ್ರೀತಿ.

ಆ ಪಿಟೀಲೇ ಮನೆಹಾಳು ಮಾಡಿದ್ದು! ಮೊದಲ ದಿನವೇ ನಾನು ಥಿಯೇಟರಿನಲ್ಲಿ ಕಂಡಿದ್ದೆ. ನಮ್ಮ ಗಂಡಸರಿಗೆ ಹಾಡು ಎಂದರೆ ಬೀಡಿಯ ಹೊತ್ತು. ಪಿಟೀಲು ಕುಂಯ್ ಎಂದದ್ದೇ ತಡ, ಶಾಲೆ ಬಿಟ್ಟ ಮಕ್ಕಳ ಹಾಗೆ ಎದ್ದರು. ಮೊರದ ಸದ್ದು ಶುರುವಾಗುವ ಹೊತ್ತಿಗೆ ಬೆಂಚು ಅರ್ಧ ಖಾಲಿ. ಹಾಡು ಕೇಳಿ ಬೇಸರಪಟ್ಟು ಎದ್ದಿದ್ದರೆ ಒಪ್ಪಬಹುದಿತ್ತು. ಕೇಳಿದ್ದೆಲ್ಲಿ? ಮ್ಯಾನೇಜರಿಗೇನು, ಯಾರೂ ಕೂರದ ಹಾಡು ಯಾಕೆ ಎಂದು ಮೂರನೇ ದಿನ ತೆಗೆಸಿಬಿಟ್ಟ.

"ಆ ಪಿಟೀಲು ಬ್ಯಾಡ್ರಿ. ಅದು ಹಾಡು ಬಂತು ಅಂತ ಡಂಗುರ ಹೊಡೀತೈತೆ," ಎಂದೆ ಇವರಿಗೆ.

"ನಿಂಗೇನ್ ತಿಳೀತೈತೆ? ಮೇಳ ಇಲ್ಲದ ಹಾಡು, ತಾಳಿ ಇಲ್ಲದ ಮದುವಿ," ಎಂದರು.

ಇದರ ನಡುವೆ ನಮ್ಮ ಭಾವನವರು ಬಂದರು. ಹತ್ತಿ ಗಿರಣಿಯಲ್ಲಿ ಗುಮಾಸ್ತಿಕೆ ಗೊತ್ತುಮಾಡಿಯೇ ಬಂದಿದ್ದರು. "ಸೋಮವಾರ ಬಂದು ಸೇರ್ಕೋ. ಸಾಕು ಈ ಹಾರ್ಮೋನಿಯಂ ಪೆಟ್ಟಿಗಿ ಸಹವಾಸ." ನಮ್ಮವರು ತಲೆ ತಗ್ಗಿಸಿಕೊಂಡು "ಆತಣ್ಣ" ಎಂದುಬಿಟ್ಟರು. ಇದೇ ವಿಷಯಕ್ಕೆ ಅಣ್ಣನೊಡನೆ ಹತ್ತು ವರ್ಷ ಜಗಳವಾಡಿದ ಮನುಷ್ಯ ಒಂದೇ ಮಾತಿಗೆ ಆತು ಎಂದರೆ ಹೇಗಾಗಬೇಡ?

ಸಾಹುಕಾರರಲ್ಲಿಗೆ ನಾನೇ ಇವರನ್ನು ಹೊರಡಿಸಿಕೊಂಡು ಹೋದೆ. ಅವರು ಒಳ್ಳೆಯವರು, ಆದರೆ ವ್ಯಾಪಾರಸ್ಥರು. "ಶನಿವಾರ ಪಿಕ್ಚರ್ ಹರಿಹರದ ಟೆಂಟಿಗೆ ಹೋಗ್ತೈತೆ. ಹಾಡು ಅಂಟಿಸಿ ಒಂದು ಆಟ ತೋರಿಸ್ರಿ. ಜನ ಕುಂತ್ರ ಮುಂದಿನ ಪಿಕ್ಚರ್ ನಿಮ್ದು. ಎದ್ರ, ಮೇಷ್ಟ್ರೆ, ನನ್ನ ಬೈಬ್ಯಾಡ್ರಿ," ಎಂದರು.

ಶನಿವಾರ ಮಧ್ಯಾಹ್ನವೇ ಹರಿಹರ ಸೇರಿದೆವು. ಇವರು ಟೆಂಟಿನ ಮಾಲೀಕರ ಮುಂದೆ ಕೂತು ಹಾಡಿನ ಮಹಿಮೆ ಹೇಳುತ್ತಿದ್ದರು. ನಾನು ಮೆಲ್ಲಗೆ ಹಿಂದಿನ ಪ್ರೊಜೆಕ್ಟರ್ ಗೂಡಿಗೆ ನಡೆದೆ. ಆಪರೇಟರ್ ಬೀರಣ್ಣ, ಗುತ್ತೂರಿನವನು, ಕತ್ತರಿಸಿದ್ದ ತುಂಡನ್ನು ಡಬ್ಬಿಯಿಂದ ತೆಗೆದು ಅಂಟಿಸಲು ಕೂತಿದ್ದ.

"ಬೀರಣ್ಣ, ಮುಂದಿನ ಪಿಟೀಲು ಬಿಟ್ಟು ಉಳಿದದ್ದು ಅಂಟಿಸಪ್ಪ."

"ಅಕ್ಕಾರ, ಪಿಟೀಲು ರೀಲಿನ್ಯಾಗ ಕಾಣ್ತೈತೇನ್ರಿ? ಹೆಂಗೆ ಗುರ್ತು ಹಿಡೀಲಿ?"

"ಆಕಿ ಬಾವಿಯಿಂದ ಬಂದು ಮೊರ ಕೈಗೆ ತಗೊಳ್ಳೋತನಕ ಬಿಡು."

"ಮೇಷ್ಟ್ರು ಕೇಳಿದ್ರ?"

"ತುಂಡು ಹರೀತು ಅನ್ನು."

ಅವನು ನನ್ನನ್ನೊಮ್ಮೆ, ಕತ್ತರಿಯನ್ನೊಮ್ಮೆ ನೋಡಿ ನಕ್ಕ. ಕೆಲಸವೇನೋ ಆಯಿತು. ಹೆಂಗಸರ ಕಡೆ ಹೋಗಿ ಕೂತ ಮೇಲೆ ನನಗೆ ಹೆದರಿಕೆ ಶುರುವಾಯಿತು. ಗಂಡನ ಕೂಸಿಗೆ ಹೆಂಡತಿಯೇ ಕತ್ತರಿ ಹಾಕಿಸಿದಳು. ಈಗಲೂ ಜನ ಎದ್ದರೆ? ಸೋಮವಾರ ಇವರು ಗಿರಣಿಗೆ ಹೊರಟರೆ ಯಾವ ಮುಖ ಇಟ್ಟುಕೊಂಡು ಬುತ್ತಿ ಕಟ್ಟಲಿ?

ಕತ್ತಲು ಕವಿಯುತ್ತಲೇ ಆಟ ಶುರುವಾಯಿತು. ನಮ್ಮವರು ಒಳಗೆ ಬರಲೇ ಇಲ್ಲ. ಧೈರ್ಯ ಸಾಲದೆ ಬಾಗಿಲ ಎದುರಿನ ಖಾದರ್ ಸಾಬರ ಚಹಾ ಅಂಗಡಿಯಲ್ಲಿ ಕೂತರು. ಎದ್ದು ಹೊರಗೆ ಬಂದವರು ಮೊದಲು ಕಾಣುವುದೇ ಅಲ್ಲಿಗೆ.

ಬಾವಿ ಬಂತು. ಬಾವಿಯ ಹತ್ತಿರವಿದ್ದ ಹುಡುಗಿ ರಪ್ಪನೆ ಜಗುಲಿಯ ಮೇಲೆ ಕೂತಿದ್ದಳು! (ದೇವರು ಸಹ ಅಷ್ಟು ಬೇಗ ಪ್ರತ್ಯಕ್ಷವಾಗುವುದಿಲ್ಲ.) ಮೊರದ ಸದ್ದು ಬಂತು. ಗಂಡಸರಿಗೆ ಅದು ಹಾಡು ಎಂದು ಹೊಳೆಯಲಿಲ್ಲ, ಏನೋ ನಡೆಯಲಿದೆ ಎಂದು ಕಾದರು. ದನಿ ಎದ್ದಾಗ ಒಬ್ಬಿಬ್ಬರು ಕಿವಿಗೆ ಸಿಕ್ಕಿಸಿದ್ದ ಬೀಡಿಗೆ ಕೈ ಹಾಕಿದರು. ನಾನು ಸೆರಗು ಕಚ್ಚಿ ಹಿಡಿದೆ. ಕೈ ಅಲ್ಲೇ ನಿಂತಿತು, ಯಾರೂ ಏಳಲಿಲ್ಲ. ಪಕ್ಕದಲ್ಲಿದ್ದ ಕಡರನಾಯಕನಹಳ್ಳಿಯ ಮುದುಕಿ, "ಕೇರೋದು ಬರ್ತೈತೆ ಬಿಡು ಈ ಹುಡ್ಗಿಗೆ," ಎಂದು ತಲೆದೂಗಿದಳು. ಸಿನಿಮಾದ ಹುಡುಗಿಗೆ ಅಂಥ ಸರ್ಟಿಫಿಕೇಟ್ ಯಾರು ಕೊಡುತ್ತಾರೆ? ಹಾಡು ಮುಗಿಯಿತು, ಪೊಲೀಸರು ಬಂದರು. ಎಲ್ಲರೂ ಪೊಲೀಸರನ್ನು ನೋಡಿ ನಗುತ್ತಿದ್ದರೆ ನಾನೊಬ್ಬಳು ಗಳಗಳನೆ ಅಳುತ್ತಿದ್ದೆ. ಎಷ್ಟು ಹಗುರವಾಯಿತೆಂದರೆ, ಆ ಪೊಲೀಸರಿಗೂ ಕೈ ಮುಗಿಯಬೇಕೆನಿಸಿತು.

ಇಂಟರ್‌ವಲ್ಲಿನಲ್ಲಿ ಹೊರಗೆ ಬಂದರೆ ಖಾದರ್ ಸಾಬರು ಮಾಲೀಕರ ಮೇಲೆ ಹರಿಹಾಯುತ್ತಿದ್ದರು. "ಏನ್ ಸಾಹೇಬ್ರ, ಹಾಡಿನ ಟೈಮಿಗೆ ಅಂತ ಒಂದು ಕೆಟಲ್ ಚಾ ಕಾಸಿಟ್ಟಿದ್ದೆ. ಒಬ್ಬ ಬರಬ್ಯಾಡವಾ? ಯಾವನ್ರೀ ಆ ಹಾಡು ಮಾಡಿದವ? ಕರೀರಿ ಇಲ್ಲಿ!"

ಆ ಹಾಡು ಮಾಡಿದವರು ಅವರ ಬೆಂಚಿನ ಮೇಲೇ ಕೂತು ಮಗುವಿನ ಹಾಗೆ ಕಣ್ಣೊರೆಸಿಕೊಳ್ಳುತ್ತಿದ್ದರು. ಮಾಲೀಕರು ಬೆನ್ನು ತಟ್ಟಿ, "ಮೇಷ್ಟ್ರೆ, ಸಾಹುಕಾರ್ರಿಗೆ ನಾನೇ ಹೇಳ್ತೀನಿ," ಎಂದರು. ಹೇಳಿದರು ಕೂಡ. ಭಾನುವಾರವೇ ಸಾಹುಕಾರರು ಕರೆಸಿ ಮುಂದಿನ ಚಿತ್ರದ ವೀಳ್ಯ ಕೊಟ್ಟರು. ಸೋಮವಾರ ಗಿರಣಿಯ ಸೈರನ್ ಕೂಗಿದಾಗ ನಮ್ಮವರು ಗೊರಕೆ ಹೊಡೆಯುತ್ತಿದ್ದರು. ಅಷ್ಟು ಇಂಪಾದ ಗೊರಕೆಯನ್ನು ನಾನು ಜನ್ಮದಲ್ಲಿ ಕೇಳಿಲ್ಲ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ನಿನ್ನೆ ಸಂಜೆ ಇವರು ಗಿರಿಜಕ್ಕನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ಆ ಬೀರಣ್ಣ ಕೈ ತಪ್ಪಿ ನನ್ನ ಪಿಟೀಲು ಹರಿದು ಹಾಕಿದ ನೋಡ್ರಿ. ಅದೂ ಇದ್ದಿದ್ರ ಹಾಡು ಇನ್ನೂ ಎಷ್ಟು ಏಳ್ತಿತ್ತೋ! ಇರ್ಲಿ, ಹೊಸ ಪಿಕ್ಚರಿಗೆ ಪ್ರತಿ ಹಾಡಿನ ಮುಂದ ಎಂಟು ಪಿಟೀಲು ಹಾಕ್ತೀನಿ."

ಎಂಟು! ಹಾಡು ಏಳುತ್ತದೋ ಇಲ್ಲವೋ, ಗಂಡಸರಂತೂ ಏಳುತ್ತಾರೆ. ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ. ಪಾಪ, ಬೀರಣ್ಣ ನನ್ನ ಬದಲು ಬೈಸಿಕೊಳ್ಳುತ್ತಿದ್ದಾನೆ. ನಾನು ಪತ್ರಿಕೆಗೆ ಬರೆಯುವ ಈ ಅಂಕಣವನ್ನು ವಾರವಾರ ಊರಿಗಿಂತ ಮೊದಲು ಓದುವವರು ನಮ್ಮವರೇ ಎಂಬುದೊಂದೇ ಭರವಸೆ.

ರೀ, ಇಲ್ಲಿಯವರೆಗೆ ಓದಿದಿರಲ್ಲ, ಈಗ ಹೇಳಿ, ಪಿಟೀಲು ಎಷ್ಟು?