ಬೋರ್ಡು ಬೇಡದ ಕೆರೆ

ನನ್ನ ಹೆಂಡತಿಯ ಪ್ರಕಾರ ಈ ಜಗತ್ತಿನಲ್ಲಿ ಎರಡೇ ಬಗೆಯ ಲೋಟಗಳಿವೆ: ಚಹಾ ಕುಡಿಯುವಂಥವು ಮತ್ತು ನಾನು ಬ್ರಶ್ಶು ಅದ್ದಿ ಕೆಡಿಸಿದಂಥವು. ಮೊದಲನೆಯ ಬಗೆಯಿಂದ ಎರಡನೆಯದಕ್ಕೆ ಇಳಿಯಲು ಲೋಟವೊಂದಕ್ಕೆ ಅರೆಗಳಿಗೆ ಸಾಕು. ಮರಳಿ ಏರುವ ದಾರಿ ಮಾತ್ರ ಅವಳ ಅಡಿಗೆಮನೆಯ ಶಾಸ್ತ್ರದಲ್ಲಿ ಇಲ್ಲ. ದೇವಿಕೊಪ್ಪದ ಹತ್ತಿರದ ಒಂದು ಸಣ್ಣ ಊರಿನಲ್ಲಿರುವ ಅವಳ ತಂಗಿಯ ಮನೆಗೆ ಎಂಟು ದಿನದ ಬಿಡುವಿಗೆಂದು ಹೋಗಿದ್ದ ನಾನು, ಇಳಿದ ಮರುದಿನ ಬೆಳಿಗ್ಗೆಯೇ ಅಂಥದೊಂದು ಸ್ಟೀಲಿನ ಲೋಟವನ್ನು ಶಾಶ್ವತವಾಗಿ ಕೆಡಿಸುವ ಸಂಕಲ್ಪದಿಂದ ಕೈಗೆತ್ತಿಕೊಂಡು, ಬಣ್ಣದ ಡಬ್ಬಿಯನ್ನೂ ಚಿತ್ರದ ಪುಸ್ತಕವನ್ನೂ ಕಂಕುಳಲ್ಲಿ ಇರುಕಿಕೊಂಡು ಊರ ಹಿಂದಿನ ಕೆರೆಗೆ ಹೊರಟೆ.

"ಕೆರಿ ತುಂಬ ನೀರೈತಿ. ಅದರಾಗ ಅದ್ದೂದ ಬಿಟ್ಟು ನನ್ನ ತಂಗಿ ಲೋಟಾ ಯಾಕ ಬೇಕ್ರಿ ನಿಮಗ?" ಎಂದು ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ಆದರೆ ನಾನು ಅಣ್ಣಿಗೇರಿಯ ಕಡೆಯವನು. ನಮ್ಮ ಎರೆಭೂಮಿಯ ಸೀಮೆಯಲ್ಲಿ ಕೆರೆಯೆಂದರೆ ಕುಡಿಯುವ ನೀರು. ಅದರ ಮೆಟ್ಟಿಲ ಮೇಲೆ ಚಪ್ಪಲಿಗಾಲಿಟ್ಟವನನ್ನು ಇಡೀ ಊರೇ ಸರದಿಯ ಮೇಲೆ ಬೈಯುತ್ತಿತ್ತು. ಕೊಡ ಮುಳುಗಿಸುವ ಮುಂಚೆ ಮನೆಯಿಂದ ತಂದ ನೀರಿನಿಂದ ಕಾಲು ತೊಳೆದುಕೊಳ್ಳುತ್ತಿದ್ದ ತಾಯಿಯ ಮಗನಿಗೆ, ಬಣ್ಣದ ಬ್ರಶ್ಶನ್ನು ಕೆರೆಗೆ ಅದ್ದಲು ಅರವತ್ತೊಂದನೆಯ ವಯಸ್ಸಿನಲ್ಲೂ ಕೈ ಬರಲಿಲ್ಲ. ಈ ಕಲಘಟಗಿ ಸೀಮೆಯಲ್ಲೋ, ಕೆರೆ ಭತ್ತದ ಗದ್ದೆಗೂ ಹೌದು, ಕೌದಿಯ ಒಗೆತಕ್ಕೂ ಹೌದು, ಎಮ್ಮೆಯ ಮಧ್ಯಾಹ್ನದ ನಿದ್ರೆಗೂ ಹೌದು. ದಂಡೆಯ ಮೇಲೆ ಭಕ್ತಿಯಿಂದ ಚಪ್ಪಲಿ ಬಿಟ್ಟು, ಲೋಟ ಹಿಡಿದು ಬರಿಗಾಲಲ್ಲಿ ಇಳಿದು ಬಂದ ನನ್ನನ್ನು ನೀರಿನಲ್ಲಿ ಬಿದ್ದುಕೊಂಡಿದ್ದ ಎಮ್ಮೆಗಳು ನೋಡಿದ ರೀತಿಯನ್ನು ನಾನಿನ್ನೂ ಮರೆತಿಲ್ಲ.

ನಿಮ್ಮಲ್ಲಿ ಮುಚ್ಚಿಡುವುದೇನು, ನಾನು ಚಿತ್ರಕಾರನಲ್ಲ, ಬೋರ್ಡು ಬರೆಯುತ್ತಿದ್ದವನು. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಬೀಜ ಗೊಬ್ಬರದ ಮಳಿಗೆ, ಶಾಲೆಯ ಗೋಡೆಯ ಮೇಲಿನ ಸುಭಾಷಿತ, ಇವೇ ನನ್ನ ಸಮಗ್ರ ಕೃತಿಗಳು. ನಾನು ಬರೆದಷ್ಟು ದೊಡ್ಡ ಅಕ್ಷರಗಳಲ್ಲಿ ಕನ್ನಡದ ಯಾವ ಸಾಹಿತಿಯೂ ಬರೆದಿಲ್ಲವೆಂದು ಎದೆ ತಟ್ಟಿ ಹೇಳಬಲ್ಲೆ. ಓದುಗರ ವಿಷಯದಲ್ಲೂ ಕೆಲವರನ್ನಾದರೂ ಹಿಂದೆ ಹಾಕಿರಬಹುದು, ಏಕೆಂದರೆ ಬಸ್ಸಿಗೆ ಕಾಯುತ್ತ ನಿಂತವನಿಗೆ ಎದುರಿನ ಬೋರ್ಡನ್ನು ಓದದೆ ಗತಿಯಿಲ್ಲ. ಆಮೇಲೆ ಫ್ಲೆಕ್ಸು ಬಂತು. ಅದರ ಮೇಲೆ ನನಗೆ ಸಿಟ್ಟಿಲ್ಲವೆಂದರೆ ಸುಳ್ಳಾಗುತ್ತದೆ. ಗಾಳಿಗೆ ಹರಿದು ಪಟಪಟಿಸುವ ಫ್ಲೆಕ್ಸು ಎಲ್ಲಾದರೂ ಕಂಡರೆ ಈಗಲೂ ಒಳಗೊಳಗೆ ಹಿಗ್ಗುತ್ತೇನೆ. ಹಿಗ್ಗಿದರೇನು ಬಂತು, ಕೆಲಸ ನಿಂತು ಏಳೆಂಟು ವರ್ಷಗಳಾದವು. ಅಟ್ಟದ ಡಬ್ಬಿಯಲ್ಲಿ ಬ್ರಶ್ಶುಗಳು ಸೆಟೆದುಕೊಂಡವು. ಅವುಗಳ ಜೊತೆಗೆ ನನ್ನ ಕೈಯೂ ಸತ್ತಿದೆಯೋ ಅಥವಾ ಮಲಗಿದೆಯೋ ಎಂಬುದು ನನಗೇ ತಿಳಿಯದೆ, ತಿಳಿದುಕೊಳ್ಳುವ ಧೈರ್ಯವೂ ಸಾಲದೆ ದಿನ ತಳ್ಳುತ್ತಿದ್ದೆ.

ಕುಂದಗೋಳದ ಶಾಲೆಯೊಂದರಲ್ಲಿ ಕಲಿಸುವ ಮಗಳು ಇದನ್ನು ಹೇಗೋ ಅರಿತಿರಬೇಕು. ದಪ್ಪ ಹಾಳೆಯ ಒಂದು ಪುಸ್ತಕವನ್ನೂ ಹನ್ನೆರಡು ಬಿಲ್ಲೆಗಳ ನೀರುಬಣ್ಣದ ಡಬ್ಬಿಯನ್ನೂ ನನ್ನ ಚೀಲದಲ್ಲಿ ತುರುಕಿ, "ಅಪ್ಪಾ, ಊರ ಮಂದಿಗೆಲ್ಲಾ ಅವರವರ ಹೆಸರು ಬರದು ಕೊಟ್ಟಿ. ಇದರಾಗ ನಿನಗ ಕಂಡದ್ದು ಬರಿ" ಎಂದಳು. ಪ್ರವಾಸ ಹೋದವರು ಹೀಗೆ ದಿನಕ್ಕೊಂದು ಪುಟ ಚಿತ್ರ ಬರೆದು ತರುವುದು ಈಗಿನವರ ರೂಢಿಯಂತೆ. ನನ್ನ ಜೀವಮಾನದ ಮೊದಲ ಪ್ರವಾಸವಾದ್ದರಿಂದ ರೂಢಿ ಮುರಿಯುವುದು ಬೇಡವೆಂದು ಒಪ್ಪಿಕೊಂಡೆ.

ಮೊದಲ ದಿನ ನಾನು ಬರೆದದ್ದು ಚಿತ್ರವಲ್ಲ, ಬೋರ್ಡು. ತಗಡಿನ ಮೇಲೆ ಎಣ್ಣೆಬಣ್ಣ ಬಳಿಯುವ ಕ್ರಮವೊಂದೇ ನನಗೆ ಗೊತ್ತಿದ್ದುದು: ಮೊದಲು ಹಿನ್ನೆಲೆಯನ್ನು ಒಂದಿಷ್ಟೂ ತೂತು ಬಿಡದೆ ತುಂಬಬೇಕು, ಅದರ ಮೇಲೆ ಆಕಾರ, ಆಕಾರದ ಪಕ್ಕಕ್ಕೆ ನೆರಳು, ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಬಿಳಿಯದೊಂದು ಗೆರೆ ಎಳೆದು ಹೊಳಪು ಕೊಡಬೇಕು. ಹಾಗೆಯೇ ಮೇಲೊಂದು ನೀಲಿ, ಕೆಳಗೊಂದು ನೀಲಿ, ನಡುವೆ ಹಸಿರು ತುಂಬಿ, ನೀರಿನ ಮೇಲಿನ ಬಿಸಿಲಿಗೆಂದು ಕೊನೆಯಲ್ಲಿ ಬಿಳಿ ಬಣ್ಣ ಹಚ್ಚಿದೆ. ಎಣ್ಣೆಬಣ್ಣವಾಗಿದ್ದರೆ ಹೇಳಿದ ಮಾತು ಕೇಳುತ್ತಿತ್ತು. ಇದು ಕೆಳಗಿನ ನೀಲಿಯನ್ನೆಲ್ಲ ಮೇಲಕ್ಕೆಳೆದುಕೊಂಡು ಸುಣ್ಣದ ರಾಡಿಯಾಗಿ ಹರಡಿಕೊಂಡಿತು. ಮರ್ಯಾದೆ ಉಳಿಸಿಕೊಳ್ಳಲು ಚಿತ್ರದ ಕೆಳಗೆ ನನ್ನ ಕೈಲಾದಷ್ಟು ಚಂದವಾಗಿ, ನೆರಳು ಕೊಟ್ಟು, ಕೆಂಪಿನಲ್ಲಿ 'ಕೆರೆ' ಎಂದು ಬರೆದೆ. ಆ ಎರಡು ಅಕ್ಷರಗಳನ್ನು ನೋಡಿ, ಪರವಾಗಿಲ್ಲ, ಕೈ ಇನ್ನೂ ಇದೆ ಎಂದು ಬೀಗಿದೆ.

ಆಗ ಬಂದವರು ಶಾಂತವ್ವ. ಎಪ್ಪತ್ತರ ಆಸುಪಾಸಿನ ಹೆಂಗಸು; ಹುಣಸೆಮರದ ಕೆಳಗಿನ, ಎಡಕ್ಕೆ ತುಸು ವಾಲಿದ ಒಗೆಯುವ ಕಲ್ಲು ಯಾರೂ ಬರೆದುಕೊಡದಿದ್ದರೂ ಅವರದೇ. ದಿನವೂ ಬೆಳಿಗ್ಗೆ ಮನೆಮಂದಿಯ ಬಟ್ಟೆಯ ಗಂಟು ಹೊತ್ತು ಬಂದು ಆ ಕಲ್ಲಿಗೆ ಬಡಿದು ಹೋಗುವುದು ಅವರ ಪರಿಪಾಠ. ಹೊಸ ಮುಖ ಕಂಡು ಗಂಟನ್ನು ಕೆಳಗಿಳಿಸಿ, ಬಗ್ಗಿ ನನ್ನ ಪುಟವನ್ನು ನೋಡಿದರು.

"ಅಕ್ಷರ ಅಗದಿ ಚಂದ ಅದಾವ್ರಿ ಬೀಗರ. ಏನ್ ಬರದೀರಿ ಅನ್ನೂದು ಮಾತ್ರ ತಿಳೀವಲ್ದು. ನನಗ ಓದಾಕ ಬರೂದಿಲ್ರಿ" ಎಂದರು.

"ಕೆರಿ ಅಂತ ಬರದೀನ್ರಿ ಅಕ್ಕಾರ."

"ಹೌದೇನ್ರಿ? ಮತ್ತ ಮ್ಯಾಲಿನ ಚಿತ್ರ ಯಾವುದ್ರಿ, ಹೊಲದ್ದೇನು?"

ನಾನು ಅದೂ ಕೆರೆಯೇ ಎಂದೆ. ಅವರು ಒಮ್ಮೆ ಪುಟವನ್ನು, ಒಮ್ಮೆ ಕೆರೆಯನ್ನು, ಕೊನೆಗೆ ನನ್ನನ್ನು ನೋಡಿ, "ಇರ್ಲಿ ಬಿಡ್ರಿ" ಎಂದು ಗಂಟೆತ್ತಿಕೊಂಡು ಹೋದರು. ಆ ಮಾತಿನಲ್ಲಿ ಕುಹಕವಿರಲಿಲ್ಲ, ಕರುಣೆಯಿತ್ತು. ಕುಹಕವಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ಮಧ್ಯಾಹ್ನ ಊಟ ಸೇರಲಿಲ್ಲ. ಮೂವತ್ತು ವರ್ಷ ನನ್ನ ಚಿತ್ರ ತನ್ನ ಕಾಲ ಮೇಲೆ ತಾನು ನಿಂತದ್ದೇ ಇಲ್ಲವೆಂಬುದು ಆಗ ಹೊಳೆಯಿತು. ಹಿಂಡಿ ಮಾರುವ ಅಂಗಡಿಗೆ ಎತ್ತು ಬರೆದೆ, ಕೆಳಗೆ 'ಪಶು ಆಹಾರ' ಎಂದಿತ್ತು. ಟೇಲರನಿಗೆ ಕತ್ತರಿ ಬರೆದೆ, ಕೆಳಗೆ ಅವನ ಹೆಸರೇ ಇತ್ತು. ಓದಲು ಬರುವವರು ಓದಿಕೊಂಡರು, ಚಿತ್ರ ಹೇಗಿದ್ದರೂ ನಡೆದುಹೋಯಿತು. ಓದಲು ಬಾರದ ಎಷ್ಟು ಜನ ಶಾಂತವ್ವಂದಿರು ನನ್ನ ಬೋರ್ಡಿನ ಕೆಳಗೆ ನಿಂತು, ದಾರಿಹೋಕರನ್ನು ತಡೆದು, ಇದು ಯಾವ ಅಂಗಡಿ ಎಂದು ಸಂಕೋಚದಿಂದ ಕೇಳಿದ್ದರೋ. ನಾನು ಮಾತ್ರ ಏಣಿಯ ಮೇಲೆ ನಿಂತು, ಇಡೀ ಪೇಟೆಗೆ ದಾರಿ ತೋರಿಸುವವನು ನಾನೇ ಎಂದುಕೊಂಡಿದ್ದೆ. ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಹಟವೂ ಬಂತು: ಊರು ಬಿಡುವುದರೊಳಗೆ, ಒಂದಕ್ಷರವನ್ನೂ ಬರೆಯದೆ, ಒಂದು ಮಾತನ್ನೂ ಹೇಳದೆ, ಶಾಂತವ್ವ ತಾವಾಗಿ ಇದು ನಮ್ಮ ಕೆರೆ ಎನ್ನುವಂಥ ಒಂದು ಪುಟವನ್ನು ಬರೆಯಬೇಕು. ಆಗದಿದ್ದರೆ ಕೈ ಸತ್ತಿದೆಯೆಂದು ಒಪ್ಪಿಕೊಂಡು, ಈ ಪುಸ್ತಕವನ್ನೂ ಅಟ್ಟಕ್ಕೆ ಏರಿಸಿಬಿಡಬೇಕು.

ಹಟದಿಂದಲೇ ಚಿತ್ರ ಬರುವ ಹಾಗಿದ್ದರೆ ನಮ್ಮ ಧಾರವಾಡ ಜಿಲ್ಲೆಯಲ್ಲಿ ಮನೆಗಿಬ್ಬರು ಚಿತ್ರಕಾರರಿರುತ್ತಿದ್ದರು. ಎರಡನೆಯ ದಿನದ ನನ್ನ ಕೆರೆ ಶಾಂತವ್ವನಿಗೆ ಹಾಸಿದ ಕಂಬಳಿಯಾಗಿ ಕಂಡಿತು, ಮೂರನೆಯ ದಿನದ್ದು ಮೋಡವಾಗಿ. ನಾಲ್ಕನೆಯ ದಿನ ಎಮ್ಮೆಗಳನ್ನು ಸೇರಿಸಿದರೆ ಗುರುತು ಸಿಕ್ಕೀತೆಂದು ಸೇರಿಸಿದೆ, "ಕಲ್ಲಿದ್ದಲಿ ಏನ್ರಿ?" ಎಂದು ಕೇಳಿದರು. ಆದರೆ ಒಂದು ಲಾಭವಾಯಿತು. ನೀರನ್ನು ಬರೆಯಲು ಕೂತವನಿಗೆ ನೀರನ್ನು ನೋಡದೆ ವಿಧಿಯಿಲ್ಲ. ನೀರು ನೀಲಿಯೆಂದು ನನಗೆ ಯಾರು ಹೇಳಿದ್ದರೋ ಕಾಣೆ. ಆ ಕೆರೆ ನಾನಿದ್ದ ಎಂಟು ದಿನಗಳಲ್ಲಿ ಒಂದು ಗಳಿಗೆಯೂ ನೀಲಿಯಾಗಿರಲಿಲ್ಲ. ಬೆಳಿಗ್ಗೆ ನೀರುಮಜ್ಜಿಗೆಯ ಬಣ್ಣ, ಬಿಸಿಲೇರಿದಂತೆ ಬಣ್ಣವೆಂದು ಕರೆಯಲಾಗದ ಬರಿಯ ಝಳ, ಸಂಜೆ ಹುಣಸೆಯ ನೆರಳಿರುವಷ್ಟು ಜಾಗ ಕಡುಹಸಿರು, ಉಳಿದದ್ದು ತೆಳು ಕೆಂಪು. ಅಣ್ಣಿಗೇರಿಯ ಕೆರೆಯಿಂದ ಬಾಲ್ಯವೆಲ್ಲ ಕೊಡಗಟ್ಟಲೆ ನೀರು ಹೊತ್ತವನು ನಾನು. ಅದರ ಬಣ್ಣ ಯಾವುದೆಂದು ಒಮ್ಮೆಯೂ ನೋಡಿರಲಿಲ್ಲ. ಹೊರುವವನ ಗಮನವೆಲ್ಲ ನೀರು ಚೆಲ್ಲದಿರುವುದರ ಕಡೆಗೆ.

ಆರನೆಯ ದಿನ ನನಗೆ ಪಾಠ ಕಲಿಸಿದ್ದು ರೊಟ್ಟಿ. ಬೆಳಗಿನ ಹೊತ್ತು ಮನೆಯ ಹಿತ್ತಲ ಕಟ್ಟೆಯ ಮೇಲೆ ಕೂತು, ಅಲ್ಲಿಂದ ಕಾಣುವಷ್ಟು ಕೆರೆಯನ್ನು ಬರೆಯುತ್ತಿದ್ದೆ. ಆಚೆ ದಂಡೆ ಮುಗಿದು, ಈಚೆಯ ನೆರಳು ಮುಗಿದು, ನಡುವಿನ ನೀರನ್ನು ಇನ್ನೇನು ತುಂಬಬೇಕು, ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಕೂಗಿದಳು. ಮೊದಲ ಎರಡು ಕೂಗಿಗೆ ನಾನು ಏಳುವವನಲ್ಲ. ಮೂರನೆಯ ಸಲ, "ರೊಟ್ಟಿ ಆರಾಕತ್ತಾವು. ಆರಿದ ಮ್ಯಾಲೆ ನಾ ಹೊಣಿ ಅಲ್ಲ" ಎಂದಾಗ ಬ್ರಶ್ಶನ್ನು ಲೋಟದಲ್ಲಿ ಬಿಟ್ಟು ಎದ್ದೆ. ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಗಟ್ಟಿ ಮೊಸರು ಮುಗಿಸಿ ಬಂದು ನೋಡುತ್ತೇನೆ, ಪುಟದ ಮೇಲೆ ಕೆರೆ ಹೊಳೆಯುತ್ತಿದೆ. ನಾನು ಏನನ್ನೂ ಹಚ್ಚದೆ ಬಿಟ್ಟು ಹೋದ ಜಾಗವೇ ಬಿಸಿಲಾಗಿತ್ತು. ಸುತ್ತಲಿನ ಬಣ್ಣವೆಲ್ಲ ಅದನ್ನು ಹಿಡಿದು ನಿಲ್ಲಿಸಿತ್ತು.

ನನಗೆ ಕೂರಲಾಗಲಿಲ್ಲ, ಹಿತ್ತಲಲ್ಲಿ ಎರಡು ಸುತ್ತು ಹಾಕಿದೆ. ಎಣ್ಣೆಬಣ್ಣದವನು ಬೆಳಕನ್ನು ಕೊನೆಗೆ ಹಚ್ಚುತ್ತಾನೆ. ನೀರುಬಣ್ಣದವನು ಅದಕ್ಕೆ ಮೊದಲೇ ಜಾಗ ಬಿಟ್ಟಿರಬೇಕು, ಆಮೇಲೆ ಹಚ್ಚುತ್ತೇನೆಂದರೆ ಸಿಕ್ಕುವುದು ಸುಣ್ಣವೇ. ಬದುಕನ್ನೂ ನಾನು ತಗಡಿನ ಬೋರ್ಡಿನಂತೆಯೇ ಬರೆದಿದ್ದೆನಲ್ಲ. ಮಗಳ ಓದು ಮುಗಿಯಲಿ, ಮನೆಗೆ ಮಾಳಿಗೆ ಆಗಲಿ, ಈ ಹಂಗಾಮಿನ ಬೋರ್ಡುಗಳೆಲ್ಲ ಹೋಗಲಿ, ಆಮೇಲೆ ಒಂದಿಷ್ಟು ಸುಖವಾಗಿ ಕೂತರಾಯಿತು ಎಂದು ಅಂಚಿನಿಂದ ಅಂಚಿಗೆ ದಿನಗಳನ್ನು ತುಂಬುತ್ತ ಬಂದವನು ನಾನು. ಹೆಂಡತಿಯ ತವರಿನ ಸೀಮೆ ಇಷ್ಟು ಹತ್ತಿರವಿದ್ದೂ ಎರಡು ರಾತ್ರಿ ಕೂಡಿ ಉಳಿದದ್ದು ಇದೇ ಮೊದಲು. ಅವಳು ಒಮ್ಮೆಯೂ ಆಡಿ ತೋರಿಸಿರಲಿಲ್ಲ. ರೊಟ್ಟಿ ಆರುತ್ತವೆ ಎಂದಷ್ಟೇ ಹೇಳುತ್ತಿದ್ದಳು. ಆ ದಿನ ಸಂಜೆ ಬಣ್ಣದ ಡಬ್ಬಿ ಮುಟ್ಟದೆ ಅವಳ ಜೊತೆ ದಂಡೆಯ ಮೇಲೆ ಸುಮ್ಮನೆ ನಡೆದುಬಂದೆ. ಹುಷಾರಿದ್ದೀರಷ್ಟೇ ಎಂದು ಅವಳು ಎರಡು ಸಲ ಕೇಳಿದಳು.

ಏಳನೆಯ ದಿನದ ಪುಟದಲ್ಲಿ ಜಾಗ ಬಿಟ್ಟದ್ದು ಹೆಚ್ಚಾಗಿ ಕೆರೆಯೇ ಬತ್ತಿಹೋಯಿತು. ಉಳಿದದ್ದು ಎಂಟನೆಯ ದಿನ ಒಂದೇ, ಅದೂ ಹತ್ತು ಗಂಟೆಯ ಹುಬ್ಬಳ್ಳಿ ಬಸ್ಸಿನ ತನಕ. ಬಿಸಿಲು ಬೀಳುವ ಮುಂಚೆಯೇ ದಂಡೆಗೆ ಹೋಗಿ ಕೂತೆ. ಶಾಂತವ್ವ ಬಂದರು, ಎಲ್ಲಕ್ಕಿಂತ ಮೊದಲು ಗಂಡನ ದೋತರವನ್ನು ಒಗೆದು ದಂಡೆಯ ಇಳಿಜಾರಿನ ಹುಲ್ಲಿನ ಮೇಲೆ ಹರವಿ, ಕೌದಿಗೆ ಕೈ ಹಾಕಿದರು. ಹುಣಸೆಮರದ ಕೆಳಗೆ ಇನ್ನೂ ತಣ್ಣನೆಯ ಮಬ್ಬು. ಆಚೆ ನಡುನೀರಿಗೆ ಆಗಲೇ ಬೆಳಕು ಬಂದಿತ್ತು. ನಾನು ಪೆನ್ಸಿಲ್ಲು ಮುಟ್ಟಲಿಲ್ಲ. ಎಲ್ಲೆಲ್ಲಿ ಏನನ್ನೂ ಹಚ್ಚಬಾರದು ಎಂಬುದನ್ನು ಮೊದಲು ಕಣ್ಣಲ್ಲೇ ಗೊತ್ತುಮಾಡಿಕೊಂಡು, ಉಳಿದ ಕಡೆ ಬಣ್ಣವನ್ನು ಹರಿಯಬಿಟ್ಟೆ. ಏಣಿಯ ಮೇಲೆ ನಿಂತ ಮೂವತ್ತು ವರ್ಷಗಳ ಬಲ ಎಲ್ಲಿ ಅಡಗಿ ಕೂತಿತ್ತೋ, ಒಂದೇ ಎಳೆತಕ್ಕೆ ದಂಡೆ ಬಂತು, ಇನ್ನೊಂದಕ್ಕೆ ಮರದ ಬುಡ, ಮತ್ತೊಂದಕ್ಕೆ ವಾಲಿದ ಕಲ್ಲು. ಕೈ ಸತ್ತಿರಲಿಲ್ಲ. ಈ ಮಾತನ್ನು ಬರೆಯುವಾಗಲೂ ನನಗೆ ಎದೆಯುಬ್ಬುತ್ತದೆ, ಉಬ್ಬಲಿ.

ಪುಟ ಆರುವ ಹೊತ್ತಿಗೆ ಶಾಂತವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಇದು ಕೆರೆ ಎಂಬ ಮಾತು ತುಟಿಯ ತನಕ ಬಂದದ್ದನ್ನು ಕಚ್ಚಿ ಹಿಡಿದೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ಯಾರೂ ನನ್ನ ಯಾವ ಬೋರ್ಡನ್ನೂ ನೋಡಿದ್ದಿಲ್ಲ.

"ನನ್ನ ಕಲ್ಲಿನ ಚಿತ್ರ ತಗದೀರಲ್ರಿ" ಎಂದರು. ಆಮೇಲೆ ಬೆರಳನ್ನು ಪುಟಕ್ಕೆ ತಾಗಿಸದೆ ಮೇಲೆಮೇಲೆಯೇ ಸರಿಸುತ್ತ, "ಕಲ್ಲಿಗೆ ಇನ್ನೂ ಬಿಸಲು ಬಂದಿಲ್ಲ. ನಾ ಮುಂಜಾನಿ ಬಂದಾಗ ಹಿಂಗ ಇತ್ತು. ಈ ವರ್ಷ ನೀರು ನೋಡ್ರಿ, ಹುಣಸಿ ಬೇರಿನ ತನಾ ಬಂದೈತಿ" ಎಂದರು. ನೀರು ನೋಡಿರೆಂದು ಅವರು ತೋರಿಸಿದ್ದು ಕೆರೆಯನ್ನಲ್ಲ, ಪುಟವನ್ನು.

ಅಷ್ಟರಲ್ಲಿ ಅವರು ಒಂದು ತಕರಾರನ್ನೂ ಕಂಡುಹಿಡಿದಿದ್ದರು. "ಇದೊಂದು ಖರೇ ಹೇಳ್ರಿ ಬೀಗರ. ದೋತರಕ್ಕ ಯಾವ ಬಣ್ಣ ಹಚ್ಚೀರಿ? ನಾ ಎಷ್ಟು ತಿಕ್ಕಿದ್ರೂ ಇಷ್ಟು ಬೆಳ್ಳಗ ಆಗೂದಿಲ್ಲ."

"ಅಲ್ಲಿ ಏನೂ ಹಚ್ಚಿಲ್ರಿ ಅಕ್ಕಾರ. ಹಂಗ ಬಿಟ್ಟೀನಿ."

ಅವರು ನಂಬದೆ ಇನ್ನಷ್ಟು ಬಗ್ಗಿ, ಅದು ಬರಿಯ ಕಾಗದವೆಂದು ಖಾತ್ರಿ ಮಾಡಿಕೊಂಡು, ಸೊಂಟಕ್ಕೆ ಕೈ ಕೊಟ್ಟು ನಿಂತರು. "ಸುಮ್ಮನ ಬಿಟ್ರ ಬೆಳ್ಳಗ ಆಗತೈತಿ ಅಂತ ಮೊದಲ ಗೊತ್ತಿದ್ರ, ಇಷ್ಟು ವರ್ಷ ನಾ ಯಾಕ ಒಗೀತಿದ್ನಿರಿ?"

ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಆಮೇಲೆ ಅವರು ನನ್ನ ಕೈಯಿಂದ ಪುಸ್ತಕವನ್ನು ತೆಗೆದುಕೊಂಡು, ತೆರೆದ ಪುಟವನ್ನು ನೀರಿನ ಕಡೆ ತಿರುಗಿಸಿ ಹಿಡಿದು, ಆಚೆ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಕ್ಕಳನ್ನು ಕೂಗಿದರು: "ಬರ್ರಿಬೇ ಇಲ್ಲೆ, ನಮ್ಮ ಕೆರಿ ನೋಡಬರ್ರಿ." ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವರೆಲ್ಲ ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲಲ್ಲೇ ಬಿಟ್ಟು, ಕೆರೆಯನ್ನು ನೋಡಲು ಕೆರೆಯಿಂದ ಮೇಲೆ ಹತ್ತಿ ಬಂದರು.